ಉಪ್ಪಿಲು ಅನ್ನೋ ಒಂದು ಪದ

ಹೋದ ಫೆಬ್ರವರಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ ಕೂತಿದ್ದೆ. ಪೋಡು ಅಂದರೆ ಈ ಕಾಡಿನ ಬುಡಕಟ್ಟು ಜನರಾದ ಸೋಲಿಗರ ಹಾಡಿ. ನಾನು ಹೋಗಿದ್ದು ಮಲೆ ಮಾದೇಶ್ವರನ ಕಾವ್ಯದಲ್ಲಿ ಬರುವ ಸಂಕಮ್ಮನ ಕಥೆ ಕೇಳಲು. ರೆಕಾರ್ಡರ್ ಆನ್ ಮಾಡಿ ಚಾಪೆ ಮೇಲೆ ಇಟ್ಟಿದ್ದೆ. ಕಥೆ ಹೇಳಬೇಕಿದ್ದ ತಾತ ಮಾತ್ರ ಮನೆ ಹಿಂದಿನ ನೆಲ್ಲಿಮರವನ್ನೇ ನೋಡುತ್ತಿದ್ದರು.

‘ಮೊದ್ಲು ಈ ಮರದ ತುಂಬ ಕಾಯಿ ಬುಡೋದು ಕೂಸು. ಈಗ ನೋಡು, ಉಪ್ಪಿಲು ತಿಂದಾಕದ’ ಅಂದರು.

ಉಪ್ಪಿಲು. ನಾನು ಹನೂರು ಕಡೆಯವಳು. ಕಾಡಂಚಿನ ಊರಲ್ಲೇ ಬೆಳೆದವಳು. ಕನ್ನಡ ಎಂ.ಎ. ಓದಿ, ಈಗ ಮೈಸೂರಿನಲ್ಲಿ ಜಾನಪದದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಆದರೂ ಆ ಪದ ನನಗೆ ಗೊತ್ತಿರಲಿಲ್ಲ. ತಾತ ಕೈ ತೋರಿಸಿದ ಕಡೆ ನೋಡಿದೆ. ನೆಲ್ಲಿಯ ಸಣ್ಣ ಸಣ್ಣ ಎಲೆಗಳ ನಡುವೆ ಅಲ್ಲಲ್ಲಿ ಬೇರೆಯೇ ದಪ್ಪ ಎಲೆಯ ಪೊದೆಗಳಿದ್ದವು. ಮರದ ಮೇಲೆ ಇನ್ನೊಂದು ಗಿಡ ಕೂತ ಹಾಗೆ. ನಮ್ಮ ಕಡೆ ಅದನ್ನು ಬದನಿಕೆ ಅನ್ನುತ್ತೇವೆ. ಹಕ್ಕಿ ಅದರ ಹಣ್ಣು ತಿಂದು, ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜ ಅಲ್ಲೇ ಮೊಳೆತು ಕೊಂಬೆಯೊಳಕ್ಕೆ ಬೇರು ಇಳಿಸಿ ಮರದ ನೀರು ಕುಡಿಯುತ್ತದೆ. ಬದನಿಕೆ ಹಕ್ಕಿ ಅಂತ ಒಂದು ಪುಟ್ಟ ಹಕ್ಕಿಗೆ ಹೆಸರು ಬಂದಿದ್ದೇ ಇದರಿಂದ.

ರಾತ್ರಿ ರೂಮಿಗೆ ಬಂದು ನನ್ನ ಹತ್ತಿರ ಇದ್ದ ನಿಘಂಟುಗಳಲ್ಲಿ ಹುಡುಕಿದೆ. ಸಿಗಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ರೂಮಿನವಳು ಪರಿಸರ ವಿಜ್ಞಾನದವಳು. ಅವಳಿಗೆ ಫೋನ್ ಮಾಡಿ ಸುಮ್ನೆ ಕೇಳಿದೆ. ಅವಳು ಎರಡು ನಿಮಿಷ ಕೂಡ ಯೋಚಿಸಲಿಲ್ಲ. ‘ಗೊತ್ತು, ಬಿ.ಆರ್. ಹಿಲ್ಸ್‌ನ ನೆಲ್ಲಿಮರಗಳ ಮೇಲಿರುತ್ತಲ್ಲ, ಅದರ ಬಗ್ಗೆ ಇಂಗ್ಲಿಷ್ ಲೇಖನಗಳಿವೆ’ ಅಂದಳು. ಮಾರನೇ ದಿನ ನಾಲ್ಕು ಪಿಡಿಎಫ್ ಕಳಿಸಿದಳು. ಅಲ್ಲಿತ್ತು ಪದ. ಇಂಗ್ಲಿಷ್ ಅಕ್ಷರದಲ್ಲಿ, ಓರೆಯಾಗಿ ಮುದ್ರಿಸಿದ್ದರು.

ನನಗೆ ಆ ದಿನ ಬೇರೆ ಕೆಲಸ ಮಾಡಲು ಆಗಲಿಲ್ಲ. ಸೋಲಿಗರ ನಾಲಿಗೆಯ ಮೇಲಿನ ಒಂದು ಪದ ದೂರದ ದೇಶದ ವಿಜ್ಞಾನಿಗೆ ಗೊತ್ತಿದೆ. ಅದೇ ಬೆಟ್ಟದ ಹಾಡು, ಕಥೆ, ಮಾತುಗಳನ್ನೇ ಮೂರು ವರ್ಷದಿಂದ ಕೂಡಿಸುತ್ತಿರುವ ನನಗೆ ಗೊತ್ತಿಲ್ಲ. ನನ್ನ ಪಟ್ಟಿಯಲ್ಲಿ ಕಂಸಾಳೆ, ದಮ್ಮಡಿ ಅನ್ನುವ ವಾದ್ಯಗಳಿದ್ದವು, ಹಾಲರವಿ ಉತ್ಸವ ಇತ್ತು. ಕಾಡಿನ ಒಂದು ಕಾಯಿಲೆಯ ಹೆಸರು ಇರಲಿಲ್ಲ. ನಾನು ಕೇಳಿರಲೇ ಇಲ್ಲ, ಅಷ್ಟೆ.

ನಾನು ಈ ವಿಷಯಕ್ಕೆ ಬಂದಿದ್ದು ನನ್ನ ಅಜ್ಜಿಯಿಂದ. ಪ್ರತಿ ಸೋಮವಾರ ಅಜ್ಜಿ ಮಾದಪ್ಪನಿಗೆ, ಅಂದರೆ ಮಲೆ ಮಾದೇಶ್ವರನಿಗೆ, ಒಂದು ಹೊತ್ತು ಇರುತ್ತಿದ್ದಳು. ಅಮಾವಾಸ್ಯೆ ಬಂದರೆ ಮಾದಪ್ಪನ ಬೆಟ್ಟಕ್ಕೆ ಹೊರಡುತ್ತಿದ್ದಳು. ಊರಿನ ಹೆಂಗಸರ ಗುಂಪು, ತಲೆ ಮೇಲೆ ಬುತ್ತಿ, ಬಾಯಲ್ಲಿ ‘ಉಘೇ ಮಾದಪ್ಪ’. ಆರು ವರ್ಷದವಳಿದ್ದಾಗ ನಾನೂ ಹೋಗಿದ್ದೆ, ಅರ್ಧ ದಾರಿ ಅಜ್ಜಿಯ ಸೊಂಟದ ಮೇಲೆ. ‘ಎಪ್ಪತ್ತೇಳು ಮಲೆ’ ಅಂತ ಅವಳು ಬೆಟ್ಟದ ಸಾಲನ್ನು ತೋರಿಸುತ್ತಿದ್ದಳು. ನಾನು ಎಣಿಸಲು ಹೋಗಿ ಇಪ್ಪತ್ತರ ಹತ್ತಿರ ನಿದ್ದೆ ಮಾಡುತ್ತಿದ್ದೆ.

ಮಲೆ ಮಾದೇಶ್ವರನ ಕಾವ್ಯವನ್ನು ಬರೆದವರು ಯಾರೂ ಇಲ್ಲ. ಮಾದಪ್ಪನ ಹಾಡುಗಾರ ಭಕ್ತರಾದ ದೇವರಗುಡ್ಡರು ಹಾಡಿಕೊಂಡು ಬಂದಿದ್ದು. ಕಂಸಾಳೆ ಹಿಡಿದು ರಾತ್ರಿಯೆಲ್ಲ ಹಾಡುತ್ತಾರೆ. ಒಂದೊಂದು ಭಾಗಕ್ಕೆ ‘ಸಾಲು’ ಅನ್ನುತ್ತಾರೆ. ಬಾಯಿಂದ ಬಾಯಿಗೆ ಬಂದ ಇದನ್ನು ಕಾಗದಕ್ಕೆ ಇಳಿಸಿದ್ದು ವಿಶ್ವವಿದ್ಯಾಲಯಗಳ ಕಡೆಯ ಜನ. ಮೈಸೂರಿನಲ್ಲಿ ಜೀಶಂಪ, ಅಂದರೆ ಜೀ.ಶಂ. ಪರಮಶಿವಯ್ಯ ಅವರು ಜಾನಪದ ಅಧ್ಯಯನಕ್ಕೆ ನೆಲೆ ಕಟ್ಟಿದರು. ಜಯಲಕ್ಷ್ಮಿ ವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯ ಆ ಕಾಲದ ಕೂಸು. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು 1970ರ ದಶಕದಲ್ಲಿ ಅಚ್ಚಿಗೆ ತಂದರು. ಆಮೇಲೆ ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಪಾಠವನ್ನು ಸಂಗ್ರಹಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. ಈ ದೊಡ್ಡ ಪುಸ್ತಕಗಳು ಇಲ್ಲದಿದ್ದರೆ ನನ್ನಂಥವಳು ಇವತ್ತು ಕೆಲಸ ಶುರು ಮಾಡುವುದಾದರೂ ಎಲ್ಲಿಂದ?

ಸಂಕಮ್ಮನ ಸಾಲು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಹೆಂಡತಿ ಸಂಕಮ್ಮನ ಹತ್ತಿರ ಬಲಗೈ ಭಾಷೆ ಕೇಳುತ್ತಾನೆ. ತಾನು ಇಲ್ಲದಾಗ ಪರಪುರುಷನ ಕಡೆ ನೋಡುವುದಿಲ್ಲ ಅಂತ ಕೈಗೆ ಕೈ ಇಟ್ಟು ಆಣೆ ಮಾಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಹೊಡೆದರೂ ಕೊಡುವುದಿಲ್ಲ, ಹಿಂಸೆ ಮಾಡಿದರೂ ಕೊಡುವುದಿಲ್ಲ. ಮಾದಪ್ಪನೇ ಬಂದು ಅವಳ ಕಡೆ ನಿಲ್ಲುತ್ತಾನೆ. ಅವಳಿಗೆ ಕಾರಯ್ಯ ಬಿಲ್ಲಯ್ಯ ಅನ್ನುವ ಮಕ್ಕಳನ್ನು ಕೊಡುತ್ತಾನೆ. ಕೇಳುತ್ತಾ ಕೂತ ಹೆಂಗಸರು ಈ ಜಾಗಕ್ಕೆ ಬಂದಾಗ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನ್ನ ಅಜ್ಜಿ ಅಳುತ್ತಿರಲಿಲ್ಲ. ‘ಅವ್ಳು ಕೊಡ್ನಿಲ್ಲ’ ಅಂತ ತಲೆಯಾಡಿಸುತ್ತಿದ್ದಳು.

ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಬಸ್ಸು ಯಳಂದೂರಿನಲ್ಲಿ ನಿಲ್ಲುತ್ತದೆ. ಸಂಚಿಯ ಹೊನ್ನಮ್ಮನ ಊರು ಅದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೆಣ್ಣುಮಗಳು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತೆ ಹೇಗೆ ಇರಬೇಕು ಅನ್ನುವುದು ಅದರ ವಿಷಯ. ಆದರೆ ಹೆಣ್ಣು ಅಂತ ಯಾಕೆ ಕೀಳಾಗಿ ಕಾಣುತ್ತೀರಿ ಅಂತ ಕೇಳಿದವಳೂ ಅವಳೇ. ಬೆಟ್ಟದ ಬುಡದಲ್ಲಿ ಹೊನ್ನಮ್ಮ ಹದಿಬದೆಯ ಬಗ್ಗೆ ಬರೆಯುತ್ತಾಳೆ. ಮಲೆಯ ಹಾಡಿನಲ್ಲಿ ಸಂಕಮ್ಮ ಭಾಷೆ ಕೊಡಲು ಒಪ್ಪುವುದಿಲ್ಲ. ಒಂದೇ ಜಿಲ್ಲೆಯ ಈ ಇಬ್ಬರನ್ನು ಒಟ್ಟಿಗೆ ಕೂರಿಸಿ ಮಾತಾಡಿಸಬೇಕು ಅನ್ನುವ ಆಸೆ ನನಗೆ ಎಂ.ಎ. ದಿನಗಳಿಂದಲೂ ಇದೆ. ನನ್ನ ಪ್ರಬಂಧದ ಎರಡನೇ ಅಧ್ಯಾಯ ಅದೇ.

ಆದರೆ ಉಪ್ಪಿಲು ಸಿಕ್ಕ ಮೇಲೆ ಮೂರನೇ ಅಧ್ಯಾಯ ಪೂರ್ತಿ ಬದಲಾಯಿತು.

ತಾತ ಅವತ್ತು ಇನ್ನೂ ಒಂದು ಮಾತು ಹೇಳಿದ್ದರು. ‘ತರಗು ಬೆಂಕಿ ನಿಲ್ಸುದ್ರಲ್ಲ, ಅದ್ಕೇ ಉಪ್ಪಿಲು ಜಾಸ್ತಿ ಆಗದ.’ ತರಗು ಬೆಂಕಿ ಅಂದರೆ ಒಣಗಿದ ಎಲೆಗೆ ಹಾಕುವ ಸಣ್ಣ ಬೆಂಕಿ. ಹಿಂದೆ ಬೇಸಿಗೆಯ ಮೊದಲಲ್ಲಿ, ಹುಲ್ಲು ಪೂರ್ತಿ ಒಣಗುವ ಮುಂಚೆ ಸೋಲಿಗರು ಅಲ್ಲಲ್ಲಿ ಬೆಂಕಿ ಕೊಡುತ್ತಿದ್ದರು. ಅದು ನೆಲದ ಮೇಲೆ ಹರಿದು ಹೋಗುತ್ತಿತ್ತು. ಮರ ಸುಡುತ್ತಿರಲಿಲ್ಲ. ಉಪ್ಪಿಲು ಸೊರಗುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು, ಜಿಂಕೆ ಕಾಟಿ ಮೇಯುತ್ತಿದ್ದವು ಅನ್ನುತ್ತಾರೆ ಹಿರಿಯರು. 1974ರಲ್ಲಿ ಬೆಟ್ಟ ವನ್ಯಜೀವಿ ಅಭಯಾರಣ್ಯವಾಯಿತು. ಕಾಡಿನೊಳಗೆ ಜಾಗ ಬದಲಿಸಿಕೊಂಡು ಬೇಸಾಯ ಮಾಡುತ್ತಿದ್ದವರನ್ನು ಒಂದೇ ಕಡೆ ಕೂರಿಸಿದರು. ಬೆಂಕಿ ಹಾಕುವುದು ಅಪರಾಧವಾಯಿತು.

ವಿಜ್ಞಾನಿಗಳು 1990ರ ದಶಕದಿಂದ ಈ ಬೆಟ್ಟದಲ್ಲಿ ನೆಲ್ಲಿಯನ್ನು ಅಳೆದಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆ.ಎನ್. ಗಣೇಶಯ್ಯ, ಆರ್. ಉಮಾಶಂಕರ್, ಅಮೆರಿಕದ ಬಾಸ್ಟನ್‌ನಲ್ಲಿ ಪಾಠ ಮಾಡುತ್ತಿದ್ದ ಕಮಲ್ ಬಾವಾ ಮೊದಲಾದವರು. ಗಣೇಶಯ್ಯ ಅಂದರೆ ನಮಗೆ ಕನ್ನಡದವರಿಗೆ ಕಾದಂಬರಿಕಾರರು. ಅವರ ಕಥೆಗಳನ್ನು ಓದಿಕೊಂಡೇ ಬೆಳೆದ ನನಗೆ ಇದೇ ಬೆಟ್ಟದ ನೆಲ್ಲಿಕಾಯಿಯ ಲೇಖನಗಳಲ್ಲಿ ಅವರ ಹೆಸರು ಕಂಡಾಗ ತುಂಬ ಖುಷಿಯಾಯಿತು. ಸೋಲಿಗರು ಕಾಯಿ ಕೀಳುವುದರಿಂದಲೇ ನೆಲ್ಲಿ ಕಡಿಮೆ ಆಗುತ್ತಿದೆಯಾ ಅನ್ನುವುದು ಆಗಿನ ದೊಡ್ಡ ಪ್ರಶ್ನೆ. ಮರಮರವನ್ನು ನೋಡುತ್ತಾ ಹೋದಾಗ ಉಪ್ಪಿಲಿನ ಪೆಟ್ಟು ಎದ್ದು ಕಂಡಿತು. ಉಪ್ಪಿಲು ಹತ್ತಿದ ಮರ ಕಾಯಿ ಬಿಡುವುದು ಕಡಿಮೆಯಾಗುತ್ತದೆ, ಕೊನೆಗೆ ಒಣಗುತ್ತದೆ. ಆಮೇಲಿನ ಲೇಖನಗಳು ಸೋಲಿಗರ ಬೆಂಕಿಯ ಮಾತನ್ನು ಗಂಭೀರವಾಗಿ ತೆಗೆದುಕೊಂಡಿವೆ.

ಇನ್ನೊಂದು ಕಾಟ ಲಂಟಾನ, ಹೊರದೇಶದಿಂದ ಬಂದ ಕಳೆಪೊದೆ. 1997ರಲ್ಲಿ ಅಳೆದಿದ್ದ ಜಾಗಗಳನ್ನೇ ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಮತ್ತೆ ಅಳೆದರು. ಹನ್ನೊಂದು ವರ್ಷದಲ್ಲಿ ಲಂಟಾನ ಮೊದಲಿಗಿಂತ ಸುಮಾರು ಎರಡರಷ್ಟು ಕಡೆ ಹಬ್ಬಿತ್ತು. ಕಾಡಿನಲ್ಲಿ ನಡೆದರೆ ಇದು ಅಂಕಿಯಲ್ಲ. ಮೈಗೆ ತರಚುತ್ತದೆ. ಹುಲ್ಲು ಇದ್ದ ಕಡೆ ಈಗ ಆಳೆತ್ತರದ ಮುಳ್ಳುಪೊದೆ. ತಾತ ಹೇಳುವ ದಾರಿಗಳಲ್ಲಿ ಅರ್ಧ ಮುಚ್ಚಿಹೋಗಿವೆ.

ಹಾಗಾದರೆ ಮತ್ತೆ ಬೆಂಕಿ ಹಾಕಿಬಿಡೋಣ ಅಂತ ನಾನೂ ಒಂದು ಸಲ ಅಂದೆ. ತಾತ ತಲೆ ಅಲ್ಲಾಡಿಸಿದರು. ಲಂಟಾನಕ್ಕೆ ಬೆಂಕಿ ಬಿದ್ದರೆ ಅದು ತರಗು ಬೆಂಕಿ ಆಗುವುದಿಲ್ಲ, ಮರದ ನೆತ್ತಿಗೆ ಹತ್ತುತ್ತದೆ ಅಂದರು. ಮೊದಲು ಲಂಟಾನ ಕಿತ್ತು, ಆಮೇಲೆ ಬೆಂಕಿಯ ಮಾತು. ಎಷ್ಟು ಎಚ್ಚರದ ಮಾತು ನೋಡಿ. ಬೆಂಕಿ ಹಾಕಿಯೇ ಬೆಳೆದವರು ಇವತ್ತು ಬೆಂಕಿಗೆ ಹೆದರುತ್ತಾರೆ. ಯಾಕಂದರೆ ಅವರಿಗೆ ಬೆಂಕಿ ಗೊತ್ತು.

ಇನ್ನು ರಾಜಕೀಯ. ಅದನ್ನು ಬಿಟ್ಟು ಈ ಬೆಟ್ಟದ ಒಂದು ಸಾಲೂ ಬರೆಯಲು ಆಗುವುದಿಲ್ಲ ಅಂತ ನನಗೆ ತಡವಾಗಿ ಗೊತ್ತಾಯಿತು. ಸೋಲಿಗರು ನೆಲ್ಲಿ, ಜೇನು, ಪಾಚಿ, ಸೀಗೆ ತಂದು ಲ್ಯಾಂಪ್ಸ್ ಅನ್ನುವ ಬುಡಕಟ್ಟು ಜನರ ಸಹಕಾರ ಸೊಸೈಟಿಗೆ ಕೊಡುತ್ತಿದ್ದರು. ಕೈಗೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಅದೇ. 2006ರಲ್ಲಿ ಅದನ್ನು ಮಾರುವುದು ನಿಂತಿತು. ಅಭಯಾರಣ್ಯದಿಂದ ಮಾರಾಟಕ್ಕೆ ಏನನ್ನೂ ತರಬಾರದು ಅನ್ನುವ ತಿದ್ದುಪಡಿ ಕಾನೂನಿಗೆ ಬಂದಿತ್ತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನೂ ಪಾಸು ಮಾಡಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿರುವುದನ್ನು ಒಂದು ಮನೆಯಲ್ಲಿ ನನಗೆ ತೋರಿಸಿದರು. ಮದುವೆ ಫೋಟೋದ ಪಕ್ಕದಲ್ಲೇ ಇತ್ತು.

ಆ ಹಕ್ಕಿನ ಹಿಂದೆ ಒಂದು ನಕ್ಷೆಯ ಕೆಲಸವೂ ಇದೆ. ಸೋಲಿಗರ ಹಿರಿಯರು ಮತ್ತು ಸಂಶೋಧಕರು ಒಟ್ಟಿಗೆ ಕಾಡು ಸುತ್ತಿ ನಾನೂರಕ್ಕೂ ಹೆಚ್ಚು ಪವಿತ್ರ ಜಾಗಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ಆ ಕೆಲಸದಲ್ಲಿದ್ದ ಸಿ. ಮಾದೇಗೌಡರು ಸ್ವತಃ ಸೋಲಿಗರು, ಪಿಎಚ್.ಡಿ. ಮಾಡಿದವರು. ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ನಾನು ಅವರ ಹೆಸರು ಹೇಳುತ್ತಲೇ ಇರುತ್ತೇನೆ. ನಾನು ಆ ನಕ್ಷೆಯನ್ನು ನೋಡಿದಾಗ ನನಗೆ ಕಂಡಿದ್ದು ಹಾಡುಗಳು. ದೊಡ್ಡ ಸಂಪಿಗೆ ಮರ ಒಂದು ಚುಕ್ಕಿ. ಕ್ಯಾತೆದೇವರ ಗುಡಿ ಇನ್ನೊಂದು ಚುಕ್ಕಿ. ಇವೆಲ್ಲ ನನ್ನ ರೆಕಾರ್ಡಿಂಗುಗಳಲ್ಲಿ ಹೆಸರಾಗಿ ಬರುತ್ತವೆ. ಸೋಲಿಗರು ತಮ್ಮ ಗೊರುಕನ ಹಾಡು ಹಾಡುತ್ತಾ ಕುಣಿಯುವಾಗ ಮರ, ಹಕ್ಕಿ, ಪ್ರಾಣಿಗಳ ಹೆಸರು ಸಾಲುಸಾಲಾಗಿ ಬರುತ್ತವಲ್ಲ, ಅವನ್ನು ನಾನು ಇಷ್ಟು ದಿನ ಸೊಗಸಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಈಗ ಒಂದೊಂದು ಹೆಸರನ್ನೂ ನಿಂತು ಕೇಳುತ್ತೇನೆ. ಇದು ಯಾವ ಮರ? ಈಗಲೂ ಇದೆಯಾ? ಎಲ್ಲಿದೆ?

ಬಿಳಿಗಿರಿರಂಗ ಸೋಲಿಗರಿಗೆ ಬರೀ ದೇವರಲ್ಲ, ಭಾವ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ‘ನಮ್ಮ ಭಾವನ ಬೆಟ್ಟ’ ಅಂತ ಒಬ್ಬ ಅಜ್ಜಿ ನನಗೆ ಅಂದಳು. ಈ ಮಾತು ಜಾನಪದದ ಪುಸ್ತಕದಲ್ಲಿ ಐತಿಹ್ಯದ ಅಧ್ಯಾಯಕ್ಕೆ ಹೋಗುತ್ತದೆ. ಆದರೆ ಅಜ್ಜಿ ಅದನ್ನು ಹೇಳಿದ್ದು ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನ ಮಾತು ನಡೆಯುತ್ತಿದ್ದಾಗ. ಭಾವನ ಮನೆಗೆ ಹೋಗಲು ಯಾರನ್ನು ಕೇಳಬೇಕು ಅನ್ನುವುದು ಅವಳ ಪ್ರಶ್ನೆ. ಅದನ್ನು ಐತಿಹ್ಯ ಅಂತ ಒಂದು ಕಡೆ ಇಟ್ಟುಬಿಡುವುದು ಸರಿಯಲ್ಲ ಅಲ್ವಾ?

ನಮ್ಮ ಕಡೆಯ ಮಲೆ ಮಾದೇಶ್ವರ ಬೆಟ್ಟದ ಕಾಡು 2013ರಲ್ಲಿ ಅಭಯಾರಣ್ಯವಾಯಿತು. ಅದಕ್ಕಿಂತ ಮುಂಚೆ ಅದೇ ಕಾಡು ವೀರಪ್ಪನ್‌ನ ಕಾಡು. ಹಳ್ಳಿಗಳು ಆ ಕಡೆ ಅವನಿಗೂ ಈ ಕಡೆ ಕಾರ್ಯಪಡೆಗೂ ಹೆದರಿ ಬದುಕಿದವು. ಆ ಕಾಲದ ಬಗ್ಗೆ ನನ್ನ ಅಪ್ಪ ಇವತ್ತಿಗೂ ಜಾಸ್ತಿ ಮಾತಾಡುವುದಿಲ್ಲ. ನಾನೂ ಬಲವಂತ ಮಾಡುವುದಿಲ್ಲ.

2025ರ ಜೂನ್‌ನಲ್ಲಿ ಇದೇ ಕಾಡಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಹುಲಿ ಕೊಂದ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು. ಸುದ್ದಿ ಬಂದ ದಿನ ನಾನು ಊರಲ್ಲಿದ್ದೆ. ನನ್ನ ಅತ್ತೆ ಟಿವಿ ಮುಂದೆ ಕೂತು ಅತ್ತಳು. ಮಾದಪ್ಪನ ವಾಹನ ಹುಲಿ. ಚಿತ್ರದಲ್ಲಿ, ಉತ್ಸವದಲ್ಲಿ ಎಲ್ಲ ಕಡೆ ಅವನು ಹುಲಿಯ ಮೇಲೆ ಕೂತಿದ್ದಾನೆ. ಅಂಥ ಬೆಟ್ಟದಲ್ಲಿ ಹುಲಿಗೆ ವಿಷ. ಅದೇ ಸಂಜೆ ಪಕ್ಕದ ಬೀದಿಯಲ್ಲಿ ದನದವರು ಇನ್ನು ಕಾಡಿಗೆ ದನ ಬಿಡಲ್ಲ ಅಂತಾರೇನೋ ಅಂತ ಚಿಂತೆಯಲ್ಲಿದ್ದರು. ಕಾಡಿನ ಒಳಗೆ ದೊಡ್ಡಿ ಹಾಕಿ ದನ ಕಾಯುವುದು ಇಲ್ಲಿ ತಲೆತಲಾಂತರದ್ದು. ಆಲಂಬಾಡಿ ತಳಿಯ ದನ ಉಳಿದಿರುವುದೂ ಹೀಗೆ ಮೇದೇ. ಎರಡು ನೋವೂ ನಿಜ. ವಿಷ ಹಾಕಿದ್ದು ಘೋರ ತಪ್ಪು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ದೊಡ್ಡಿಯವರನ್ನೆಲ್ಲ ಆ ಒಂದು ತಪ್ಪಿನ ಜೊತೆ ಸೇರಿಸಿ ಮಾತಾಡುವವರ ಜೊತೆ ನಾನು ನಿಲ್ಲಲಾರೆ.

ನನ್ನ ಮಾರ್ಗದರ್ಶಕರಿಗೆ ಇದೆಲ್ಲ ಹೇಳಿದೆ. ಉಪ್ಪಿಲು, ಬೆಂಕಿ, ಹಕ್ಕುಪತ್ರ, ಹುಲಿ. ಕನ್ನಡ ವಿಭಾಗದವಳು ಇದನ್ನೆಲ್ಲ ಬರೆದರೆ ಯಾರಾದರೂ ಇದು ಜಾನಪದವಾ ಅಂತ ಕೇಳುತ್ತಾರಲ್ಲ ಸರ್ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಡುವವರು ಬೇರೆ ಬೇರೆ ಮಾಡಿ ಹಾಡ್ತಾರೇನಮ್ಮ?’ ಅಂದರು. ಆಮೇಲೆ ಪರಿಸರ ವಿಜ್ಞಾನದ ಗೆಳತಿ ಮತ್ತು ನಾನು ವಾರಕ್ಕೆ ಒಂದು ಸಂಜೆ ಕೂರುತ್ತಿದ್ದೇವೆ. ನಾನು ರೆಕಾರ್ಡಿಂಗ್ ಹಾಕುತ್ತೇನೆ. ಅವಳು ಗಿಡದ ಹೆಸರು ಬಂದಲ್ಲಿ ನಿಲ್ಲಿಸು ಅನ್ನುತ್ತಾಳೆ. ಕಾನುಕಾಡು, ನಾಡುಕಾಡು ಅಂತ ಸೋಲಿಗರು ಕಾಡನ್ನು ಬಿಡಿಸಿ ಹೇಳುವ ರೀತಿ ಅವಳ ಪಠ್ಯದ ವಿಂಗಡಣೆಗೆ ಎಷ್ಟು ಹತ್ತಿರ ಅಂತ ಅವಳಿಗೇ ಆಶ್ಚರ್ಯ. ಕಾನು ಅಂದರೆ ಮೋಡ ಕೂರುವ ಹಸಿರು ಕಾಡು. ನಾಡುಕಾಡು ಅಂದರೆ ಎಲೆ ಉದುರಿಸುವ ಒಣ ಕಾಡು. ಈ ಸಂಜೆಗಳಲ್ಲಿ ನಾನು ಕಲಿತಷ್ಟು ಎಲ್ಲೂ ಕಲಿತಿಲ್ಲ.

ನಮ್ಮಿಬ್ಬರ ಪದಪಟ್ಟಿಯಲ್ಲಿ ಈಗ 212 ಪದಗಳಿವೆ. ಎಲ್ಲ ಕನ್ನಡ ಅಕ್ಷರದಲ್ಲಿ, ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಸ್ಪೈರಲ್ ಹಾಕಿಸಿಕೊಂಡು ಹೋದ ತಿಂಗಳು ಪೋಡಿಗೆ ತೆಗೆದುಕೊಂಡು ಹೋದೆ. ಆಶ್ರಮ ಶಾಲೆಗೆ ಹೋಗುವ ಒಬ್ಬ ಹುಡುಗಿ ಜೋರಾಗಿ ಓದಿದಳು. ಹೆಂಗಸರು ಸುತ್ತ ಕೂತರು. ಹದಿನೇಳು ಕಡೆ ತಪ್ಪು ಹಿಡಿದರು. ಒಂದು ಗೆಡ್ಡೆಯ ಹೆಸರನ್ನು ನಾನು ಇನ್ನೊಂದು ಗೆಡ್ಡೆಗೆ ಕೊಟ್ಟಿದ್ದೆ. ‘ಇದ್ನ ತಿಂದ್ರೆ ನಾಲ್ಗ ಕೆರಿತದ ಕೂಸು, ಅದಲ್ಲ ಇದು’ ಅಂತ ನಕ್ಕರು. ಕೆಂಪು ಪೆನ್ನಿನಲ್ಲಿ ಅಲ್ಲೇ ತಿದ್ದಿಕೊಂಡೆ. ಆ ಪ್ರತಿಯನ್ನು ಅಲ್ಲೇ ಬಿಟ್ಟು ಬಂದೆ.

ಉಪ್ಪಿಲು 23ನೇ ಪದ. ಹುಡುಗಿ ಅದನ್ನು ಓದಿದಾಗ ತಾತ ಕಂಬಕ್ಕೆ ಒರಗಿ ಕೂತಿದ್ದವರು ಮುಂದೆ ಬಂದು, ಎಲ್ಲಿ ಬರೆದಿದೆ ತೋರಿಸು ಅಂದರು. ಅವಳು ಬೆರಳಿಟ್ಟು ತೋರಿಸಿದಳು. ಅವರಿಗೆ ಓದಲು ಬರುವುದಿಲ್ಲ. ಆದರೂ ಸ್ವಲ್ಪ ಹೊತ್ತು ನೋಡಿದರು.

‘ತಾತ, ಸಂಕಮ್ಮನ ಕಥೆ ಇನ್ನೂ ಹೇಳಿಲ್ಲ ನೀವು’ ಅಂದೆ ಹೊರಡುವಾಗ.

‘ಹಗಲು ಹೇಳೋ ಕಥೆ ಅಲ್ಲ ಅದು. ರಾತ್ರಿ ಉಳ್ಕೊಂಡ್ರೆ ಹೇಳ್ತೀನಿ’ ಅಂದರು.

ಬರುವ ಶನಿವಾರ ಹೋಗುತ್ತಿದ್ದೇನೆ. ಉಳಿಯುವ ಹಾಗೆ ಬಟ್ಟೆ ಕಟ್ಟಿಕೊಂಡಿದ್ದೇನೆ. ಗೆಳತಿಯೂ ಬರುತ್ತಿದ್ದಾಳೆ.